ಜಾಗಕ್ಕೆ ಹಣ ಹಾಕುವ ಮೊದಲು ಮನೆಯೊಳಗೆ ಲೆಕ್ಕ ಬರೆಯೋಣ

ರಂಝಾನ್ ಕಳೆದು ಒಂದು ವಾರ ಆಗಿರಬಹುದು. ಅಸರ್ ನಮಾಝ್ ಮುಗಿಸಿ ಮದ್ರಸದ ಜಗಲಿಯಲ್ಲಿ ಕೂತಿದ್ದಾಗ ನಮ್ಮ ಮಹಲ್ಲಿನ ಒಬ್ಬರು ಪ್ಲಾಸ್ಟಿಕ್ ಫೈಲ್ ಹಿಡಿದುಕೊಂಡು ಬಂದರು. ಸೌದಿಯ ಜುಬೈಲ್‌ನಲ್ಲಿ 24 ವರ್ಷ ದುಡಿದವರು. "ಉಸ್ತಾದ್, ಫರಾಯಿಝ್ ಪ್ರಕಾರ ಪಾಲು ಬರೆದು ಕೊಡಬೇಕು" ಅಂದರು. ಅವರ ಉಪ್ಪ ತೀರಿಕೊಂಡು ಎಂಟು ತಿಂಗಳಾಗಿತ್ತು. ಉಪ್ಪನ ಹೆಸರಿನಲ್ಲಿದ್ದದ್ದು 32 ಸೆಂಟ್ಸ್ ಜಾಗ. ಉಮ್ಮ ಇದ್ದಾರೆ. ಮೂವರು ಗಂಡು ಮಕ್ಕಳು, ಇಬ್ಬರು ಹೆಣ್ಣು ಮಕ್ಕಳು.

ಲೆಕ್ಕ ಕಷ್ಟದ್ದಲ್ಲ. ಉಮ್ಮನಿಗೆ ಎಂಟರಲ್ಲೊಂದು ಪಾಲು, ಅಂದರೆ 4 ಸೆಂಟ್ಸ್. ಉಳಿದ 28ರಲ್ಲಿ ಗಂಡು ಮಕ್ಕಳಿಗೆ ತಲಾ 7, ಹೆಣ್ಣು ಮಕ್ಕಳಿಗೆ ತಲಾ ಮೂರೂವರೆ. ಬರೆದು ಕೊಟ್ಟೆವು. ಅವರು ಎದ್ದು ಹೋಗಲಿಲ್ಲ, ಕಾಗದ ನೋಡುತ್ತಲೇ ಕೂತರು. ಆಮೇಲೆ ಹೇಳಿದರು: "ಈ 32 ಸೆಂಟ್ಸ್‌ಗೆ ಹಣ ಕಳಿಸಿದ್ದು ನಾನೊಬ್ಬನೇ ಉಸ್ತಾದ್."

ಫೈಲಿನಲ್ಲಿ ಹಣ ಕಳಿಸಿದ ರಶೀದಿಗಳಿದ್ದವು. ಹಳೆಯವುಗಳ ಶಾಯಿ ಮಾಸಿತ್ತು. ಓದಲು ಸಿಕ್ಕಿದವುಗಳಲ್ಲಿ ಹಣದ ಉದ್ದೇಶ ಎಂಬ ಜಾಗದಲ್ಲಿ ಬರೆದಿದ್ದದ್ದು 'ಕುಟುಂಬ ನಿರ್ವಹಣೆ' ಎಂದು. ಆ ಹಣ ಉಪ್ಪನಿಗೆ ಕೊಟ್ಟ ಹಿಬಾವಾ, ಕರ್ಝ್ ಆಗಿ ಕೊಟ್ಟದ್ದಾ, ಅಥವಾ 'ನನ್ನ ಪರವಾಗಿ ಜಾಗ ತೆಗೆಯಿರಿ' ಎಂಬ ವಕಾಲತ್ತಾ? ಮೂರಕ್ಕೂ ಶರೀಅತ್ತಿನಲ್ಲಿ ಬೇರೆ ಬೇರೆ ಉತ್ತರ ಉಂಟು. ಯಾವುದು ಎಂದು ಹೇಳಬಲ್ಲ ಒಬ್ಬರು ಕಬರಿನಲ್ಲಿದ್ದಾರೆ. ಇನ್ನೊಬ್ಬರ ಹತ್ತಿರ ಸಾಕ್ಷಿ ಇಲ್ಲ.

ಇಂಥ ಫೈಲುಗಳು ನಮ್ಮ ಮುಂದೆ ವರ್ಷಕ್ಕೆ ಎರಡು ಮೂರಾದರೂ ಬರುತ್ತವೆ. ಇತ್ತೀಚೆಗೆ ನಮ್ಮ ಹುಡುಗರು, 25-30 ವರ್ಷದವರು, ಊರಿಗೆ ಬಂದಾಗ ಕೇಳುವ ಪ್ರಶ್ನೆಯೇ ಬೇರೆ. ಮನೆ ಕಟ್ಟುವ ವಿಷಯ ಅವರಿಗೆ ಮುಖ್ಯ ಅಲ್ಲ. "ಸ್ವಲ್ಪ ಹಣ ಉಂಟು, ಎಲ್ಲಿಯಾದರೂ ಸೈಟೋ ಫ್ಲ್ಯಾಟೋ ತೆಗೆದು ಹಾಕಿದರೆ ಹೇಗೆ?" ಎಂದು ಕೇಳುತ್ತಾರೆ. ಕೇಳುವುದು ಒಳ್ಳೆಯದೇ. ಮದುವೆ ಹಾಲ್‌ನ ಬಾಡಿಗೆಗೆ ಸುರಿಯುವುದಕ್ಕಿಂತ ಎಷ್ಟೋ ವಾಸಿ. ಆದರೆ ಅವರು ಸೆಂಟ್‌ಗೆ ಎಷ್ಟು, ಡಬ್ಬಲ್ ಯಾವಾಗ ಎಂದು ಕೇಳುತ್ತಾರೆಯೇ ಹೊರತು, ಹಣ ಯಾರದ್ದು, ಹೆಸರು ಯಾರದ್ದು, ತಿಂಗಳ ಖರ್ಚು ಯಾರು ಕೊಡುವುದು ಎಂದು ಒಬ್ಬರೂ ಕೇಳುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊದಲು ಕೇಳಬೇಕಾದದ್ದು ಈ ಮೂರನ್ನೇ.

ಹೆಸರಿನ ವಿಷಯ ಮೊದಲು. ಗಲ್ಫಿನಲ್ಲಿರುವವರು ರಿಜಿಸ್ಟ್ರೇಷನ್‌ಗೆ ಬರಲು ರಜೆ ಸಿಗುವುದಿಲ್ಲವೆಂದು ಉಪ್ಪನ ಹೆಸರಿಗೋ ತಮ್ಮನ ಹೆಸರಿಗೋ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಇದರಲ್ಲಿ ಕಾನೂನಿನ ತೊಡಕೂ ಉಂಟು. 1988ರ ಬೇನಾಮಿ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂದಿದೆ. ಅದರಂತೆ ತಿಳಿದ ಮೂಲದ ತನ್ನ ಹಣದಿಂದ ಹೆಂಡತಿಯ ಅಥವಾ ಮಕ್ಕಳ ಹೆಸರಿನಲ್ಲಿ ತೆಗೆದರೆ ತೊಂದರೆ ಇಲ್ಲ. ಆದರೆ ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರಾದರೆ ಹಣ ಕೊಟ್ಟವನ ಹೆಸರೂ ಜಂಟಿಯಾಗಿ ದಾಖಲೆಯಲ್ಲಿ ಇರಬೇಕು. ತಮ್ಮನೊಬ್ಬನ ಹೆಸರಿಗೆ ಮಾಡಿಸಿ, ನಾಳೆ ಕೋರ್ಟಿಗೆ ಹೋಗಿ 'ಹಣ ನನ್ನದು' ಎಂದರೆ ಆ ಮಾತೇ ನಿಮಗೆ ತಿರುಗಿ ಬೀಳಬಹುದು.

ದಾರಿ ಇಲ್ಲದ್ದಲ್ಲ. ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಪವರ್ ಆಫ್ ಅಟಾರ್ನಿ ದೃಢೀಕರಿಸಿ ಊರಿಗೆ ಕಳಿಸಬಹುದು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಿಕೊಳ್ಳಬೇಕು. ಆಗ ಉಪ್ಪ ನಿಮ್ಮ ಪರವಾಗಿ ಸಹಿ ಹಾಕುತ್ತಾರೆ, ಜಾಗ ನಿಮ್ಮ ಹೆಸರಿಗೇ ಆಗುತ್ತದೆ. ಅದು ಬೇಡವಾದರೆ ಕ್ರಯಪತ್ರದಲ್ಲೇ ಇಬ್ಬರ ಹೆಸರು ಹಾಕಿ, ಯಾರದ್ದು ಎಷ್ಟು ಪಾಲು ಎಂದು ಬರೆಸಿ. ಉಪ್ಪನಿಗೆ ನಿಜವಾಗಿಯೂ ಹಿಬಾ ಕೊಡುವುದಾದರೆ ಸಂತೋಷದಿಂದ ಕೊಡಿ, ಆದರೆ ಹಿಬಾ ಎಂದೇ ಬರೆದು ಕೊಡಿ. "ಉಪ್ಪನ ಹತ್ತಿರ ಕಾಗದ ಕೇಳುವುದಾ ಉಸ್ತಾದ್, ಬೇಸರ ಮಾಡಿಕೊಳ್ಳುವುದಿಲ್ಲವಾ?" ಎನ್ನುತ್ತಾರೆ. ಖುರ್‌ಆನಿನ ಅತೀ ದೊಡ್ಡ ಆಯತ್, ಅಲ್ ಬಖರಾದ 282ನೆಯದ್ದು, ಸಾಲದ ವ್ಯವಹಾರವನ್ನು ಬರೆದಿಡುವ ಬಗ್ಗೆಯೇ ಇರುವುದು. ಮದ್ರಸದಲ್ಲಿ ಎಲ್ಲರೂ ಓದಿದ್ದೇವೆ. ಬರೆಯಬೇಕಾದ ದಿನ ಮಾತ್ರ ನಮಗೆ ನಾಚಿಕೆ.

ಪವರ್ ಆಫ್ ಅಟಾರ್ನಿ ಎಂದಾಗ ಇನ್ನೊಂದು ಮಾತು. ರಿಜಿಸ್ಟ್ರೇಷನ್ ಖರ್ಚು ಉಳಿಸಲು ಮಾರುವವನಿಂದ ಜನರಲ್ ಪವರ್ ಬರೆಸಿಕೊಂಡು 'ಜಾಗ ನನ್ನದಾಯಿತು' ಎಂದು ಕೂತವರು ಈಗಲೂ ಇದ್ದಾರೆ. ಅಂಥ ಕಾಗದದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಇನ್ನು ಹಣ. ಬಡ್ಡಿ ಹರಾಂ ಎಂದು ಗೊತ್ತಿಲ್ಲದವರು ಈ ಪುಟದ ಓದುಗರಲ್ಲಿ ಇಲ್ಲ, ಅದನ್ನು ಪುನಃ ಹೇಳಲು ನಾವು ಪೆನ್ನು ಹಿಡಿದದ್ದಲ್ಲ. ಆದರೂ ನಮ್ಮವರೇ ಎಷ್ಟೋ ಜನ ಬ್ಯಾಂಕ್ ಲೋನ್ ಮಾಡಿ ಫ್ಲ್ಯಾಟ್ ತೆಗೆಯುತ್ತಿದ್ದಾರೆ, "ಬಾಡಿಗೆಯಲ್ಲೇ ಕಂತು ಹೋಗುತ್ತದೆ" ಎಂಬ ಧೈರ್ಯದಲ್ಲಿ. ಹೋಗುತ್ತದಾ? ಒಂದು ಲೆಕ್ಕ ಹಾಕಿ ನೋಡೋಣ.

50 ಲಕ್ಷದ ಫ್ಲ್ಯಾಟ್ ಎಂದು ಇಟ್ಟುಕೊಳ್ಳಿ. ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಇಷ್ಟಕ್ಕೇ ಸುಮಾರು 3 ಲಕ್ಷದ 80 ಸಾವಿರ. ಬ್ರೋಕರ್, ವಕೀಲರು, ಪೈಂಟ್, ಫ್ಯಾನು, ಕಿಟಕಿಗೆ ನೆಟ್ಟು ಎಂದು ಸೇರಿದರೆ 55 ಲಕ್ಷ ಹೋಯಿತು. ತಿಂಗಳಿಗೆ 15 ಸಾವಿರ ಬಾಡಿಗೆ ಬಂದರೆ ವರ್ಷಕ್ಕೆ 1 ಲಕ್ಷದ 80 ಸಾವಿರ. ಅದರಲ್ಲಿ ಅಸೋಸಿಯೇಷನ್ ಮೈಂಟೆನೆನ್ಸ್ ತಿಂಗಳಿಗೆ ಎರಡೂವರೆ ಸಾವಿರದಂತೆ 30 ಸಾವಿರ ಕಳೆಯಿರಿ. ಬಾಡಿಗೆದಾರ ಬದಲಾಗುವಾಗ ಒಂದು ತಿಂಗಳು ಖಾಲಿ, 15 ಸಾವಿರ. ಮನೆ ತೆರಿಗೆ, ಪ್ಲಂಬರ್, ಮಳೆಗಾಲದ ಲೀಕೇಜ್ ಎಂದು 20 ಸಾವಿರ. ಕೈಗೆ ಉಳಿದದ್ದು 1 ಲಕ್ಷದ 15 ಸಾವಿರ. ಹಾಕಿದ 55 ಲಕ್ಷಕ್ಕೆ ನೂರಕ್ಕೆ ಎರಡು ರೂಪಾಯಿ ಬಂದ ಹಾಗೆ.

ಇದರಲ್ಲಿ 30 ಲಕ್ಷ ಲೋನ್ ಎಂದಾದರೆ, ಶೇ. 9ರ ಬಡ್ಡಿಗೆ 20 ವರ್ಷದ ಕಂತು ತಿಂಗಳಿಗೆ ಹತ್ತಿರ ಹತ್ತಿರ 27 ಸಾವಿರ. ಕೈಗೆ ಉಳಿಯುವ ಬಾಡಿಗೆ ತಿಂಗಳಿಗೆ ಒಂಬತ್ತೂವರೆ ಸಾವಿರ. ಉಳಿದ ಹದಿನೇಳು ಸಾವಿರ ಚಿಲ್ಲರೆಯನ್ನು ಮರುಭೂಮಿಯ ಬಿಸಿಲಿನಲ್ಲಿ ನಿಂತ ಮಗ ಕಳಿಸಬೇಕು, 240 ತಿಂಗಳು. ಕೊನೆಗೆ 30 ಲಕ್ಷಕ್ಕೆ ಕಟ್ಟಿದ್ದು 64 ಲಕ್ಷದ ಮೇಲೆ. ಹಲಾಲ್ ಹರಾಂ ವಿಷಯ ಬದಿಗಿಟ್ಟರೂ ಇದು ಹೊಸಬರು ತಲೆ ಕೊಡುವಂಥ ವ್ಯವಹಾರ ಅಲ್ಲ. ಬೆಲೆ ಏರುತ್ತದಲ್ಲ ಎನ್ನಬಹುದು. ಏರಬಹುದು, ಏರದೆಯೂ ಇರಬಹುದು. ಏರಿದ ಬೆಲೆ ಕೈಗೆ ಬರುವುದು ಮಾರಿದ ದಿನ. ಕಂತು ಮಾತ್ರ ಪ್ರತೀ ತಿಂಗಳು ಬರುತ್ತದೆ, ಕಂಪೆನಿಯವರು ವೀಸಾ ಕ್ಯಾನ್ಸಲ್ ಮಾಡಿದ ತಿಂಗಳೂ.

ಹಾಗಾದರೆ ಹಣ ಎಲ್ಲಿಂದ? ನಮ್ಮ ದೇಶದಲ್ಲಿ ಬಡ್ಡಿರಹಿತ ಬ್ಯಾಂಕ್ ಇಲ್ಲ, ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತ್ತು. 'ಹಲಾಲ್ ಲಾಭ' ಎಂದು ಬೋರ್ಡ್ ಹಾಕಿಕೊಂಡು ಬಂದವರ ಕಥೆ 2019ರಲ್ಲಿ ಬೆಂಗಳೂರಿನಲ್ಲಿ ನೋಡಿದ್ದೇವೆ, ಸಾವಿರಾರು ಮನೆಗಳ ಹಣ ಅದರಲ್ಲಿ ಮುಳುಗಿತು. ಆದ್ದರಿಂದ ಹೊಸಬರಿಗೆ ನಾವು ಹೇಳುವುದು ಸಣ್ಣದರಲ್ಲಿ ಶುರು ಮಾಡಿ ಎಂದು. ಮನೆಯ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಬೇರೆಯೇ ಇರಲಿ, ಅದನ್ನು ಮುಟ್ಟದೆ ಎಷ್ಟು ಆಗುತ್ತದೋ ಅಷ್ಟರಲ್ಲಿ. ಮಾರುವವರು ಪೂರ್ತಿ ಬೆಲೆಯನ್ನು ಮೊದಲೇ ನಿಗದಿ ಮಾಡಿ, ತಡವಾದರೆ ಹೆಚ್ಚು ಕೇಳದೆ, ಕಂತಿನಲ್ಲಿ ಕೊಡಲು ಒಪ್ಪಿದರೆ ಅದೂ ದಾರಿಯೇ. ನಗದು ಬೆಲೆಗಿಂತ ಕಂತಿನ ಬೆಲೆ ಜಾಸ್ತಿ ಇರಬಹುದು, ಒಂದೇ ಬೆಲೆಗೆ ಒಪ್ಪಿ ಬರೆದ ಮೇಲೆ ಅದು ವ್ಯಾಪಾರ.

ಇನ್ನೊಂದು ದಾರಿ ಪಾಲುಗಾರಿಕೆ. ನಾಲ್ಕೈದು ಸ್ನೇಹಿತರು ಸೇರಿ ಜಾಗ ತೆಗೆಯುವುದು ಈಗ ಹೆಚ್ಚುತ್ತಿದೆ. ಒಳ್ಳೆಯದು. ಆದರೆ ತೆಗೆಯುವ ದಿನ ಎಲ್ಲರೂ ಬಿರಿಯಾನಿ ತಿಂದು ಎದ್ದು ಹೋಗುತ್ತಾರೆ, ಒಬ್ಬನಿಗೆ ಎರಡೇ ವರ್ಷದಲ್ಲಿ ಹಣ ಬೇಕಾದರೆ ಅವನ ಪಾಲು ಯಾರು ಯಾವ ಬೆಲೆಗೆ ತೆಗೆಯುವುದು, ಒಬ್ಬ ತೀರಿಕೊಂಡರೆ ಅವನ ಹೆಂಡತಿ ಮಕ್ಕಳು ಯಾರ ಹತ್ತಿರ ಕೇಳುವುದು, ಮಾರಲು ಮೂವರು ಒಪ್ಪಿ ಇಬ್ಬರು ಒಪ್ಪದಿದ್ದರೆ ಏನು, ಒಂದನ್ನೂ ಬರೆದಿರುವುದಿಲ್ಲ. ಲಾಭ ಹೇಗೆ ಹಂಚುವುದೆಂದು ಮಾತ್ರ ಎಲ್ಲರಿಗೂ ಬಾಯಿಪಾಠ.

ಹೆಂಡತಿಯ ಚಿನ್ನದ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಮಹ್ರ್ ಆಗಿ ಕೊಟ್ಟ ಚಿನ್ನ ಅವಳದ್ದು. ಅವಳ ತವರಿನಿಂದ ಬಂದದ್ದೂ ಅವಳದ್ದು. "ಜಾಗ ಮಾರಿದಾಗ ಮಾಡಿಸಿ ಕೊಡುತ್ತೇನೆ" ಎಂದು ಬಿಚ್ಚಿಸಿಕೊಂಡು ಹೋದ ಬಳೆಗಳಲ್ಲಿ ತಿರುಗಿ ಬಂದವು ಎಷ್ಟು ಎಂದು ಉಮ್ಮಂದಿರನ್ನು ಕೇಳಿ ನೋಡಿ. ಅವಳ ಚಿನ್ನ ಹಾಕುವುದಾದರೆ ಎಷ್ಟು ಪವನ್ ಎಂದು ತೂಕ ಬರೆದು ಕರ್ಝ್ ಎಂದು ಒಪ್ಪಿಕೊಳ್ಳಿ, ಅಥವಾ ಕ್ರಯಪತ್ರದಲ್ಲಿ ಅವಳ ಹೆಸರನ್ನೂ ಪಾಲಿನ ಜೊತೆ ಹಾಕಿ. ಈ ಎರಡರಲ್ಲಿ ಒಂದೂ ಆಗದು ಎನ್ನುವವರು ಆ ಚಿನ್ನ ಮುಟ್ಟಬೇಡಿ.

ಜಾಗ ನೋಡುವ ವಿಷಯದಲ್ಲಿ ನಮಗೂ ಒಂದು ಪೆಟ್ಟು ಬಿದ್ದಿದೆ, ಹೇಳಿಬಿಡುತ್ತೇವೆ. ಹತ್ತು ಹನ್ನೆರಡು ವರ್ಷದ ಹಿಂದೆ ಒಂದು ಲೇಔಟಿನ ಬಣ್ಣದ ಕಾಗದ ನೋಡಿ, ಮದ್ರಸದ ಸಂಬಳದಲ್ಲಿ ಉಳಿಸಿದ್ದ 75 ಸಾವಿರ ಅಡ್ವಾನ್ಸ್ ಕೊಟ್ಟೆವು. ರಶೀದಿ ಕೂಡ ಕೇಳಲಿಲ್ಲ, ಕೊಂಡುಕೊಳ್ಳುವಂತೆ ಹೇಳಿದವರು ಗೊತ್ತಿದ್ದವರು. ಆಮೇಲೆ ನೋಡಿದರೆ ನಮಗೆ ತೋರಿಸಿದ ಸೈಟಿನ ಮುಕ್ಕಾಲು ಭಾಗ ಕುಮ್ಕಿ. ವರ್ಗ ಜಾಗದ ಪಕ್ಕದ ಕುಮ್ಕಿಯಲ್ಲಿ ವರ್ಗದಾರನಿಗೆ ಸೊಪ್ಪು ಸೌದೆಯ ಸೌಲಭ್ಯ ಇರಬಹುದು, ಒಡೆತನ ಸರಕಾರದ್ದು. ನಮ್ಮ ದಕ್ಷಿಣ ಕನ್ನಡದಲ್ಲಿ ಹುಟ್ಟಿ ಬೆಳೆದು ಇದು ಗೊತ್ತಿರಲಿಲ್ಲವಾ ಎಂದು ಕೇಳಿದರೆ, ಗೊತ್ತಿತ್ತು. ಕೇಳಿ ನೋಡಲಿಲ್ಲ ಅಷ್ಟೇ. ಮೂರು ವರ್ಷ ಅಲೆದು 40 ಸಾವಿರ ವಾಪಸ್ ಸಿಕ್ಕಿತು.

ಅಂದಿನಿಂದ ಯಾರು ಕೇಳಿದರೂ ನಾವು ಹೇಳುವುದು, ಅಡ್ವಾನ್ಸ್ ಕೊಡುವ ಮೊದಲು ವಕೀಲರಿಗೆ ನಾಲ್ಕೈದು ಸಾವಿರ ಕೊಟ್ಟು ಕಾಗದ ಓದಿಸಿ ಎಂದು. ಪಹಣಿ, ಸರ್ವೆ ನಕ್ಷೆ, ಹಿಂದಿನ 30 ವರ್ಷದ ಇ.ಸಿ., ಮೂಲ ಕ್ರಯಪತ್ರಗಳು. ಪಂಚಾಯತ್ ವ್ಯಾಪ್ತಿಯಾದರೆ ಕನ್ವರ್ಷನ್ ಆದೇಶ ಮತ್ತು ನಾವೆಲ್ಲ ನೈನ್ ಇಲೆವೆನ್ ಎನ್ನುವ 9 ಮತ್ತು 11ನೇ ನಮೂನೆ. ಪಟ್ಟಣವಾದರೆ ಇ-ಖಾತೆ. ಮಾರುವವನ ಉಪ್ಪ ತೀರಿಕೊಂಡಿದ್ದರೆ ಎಲ್ಲ ವಾರಸುದಾರರ ಸಹಿ, ಮುಖ್ಯವಾಗಿ ಮದುವೆ ಆಗಿ ಹೋದ ಹೆಣ್ಣುಮಕ್ಕಳದ್ದು. ಸರಕಾರ ಮಂಜೂರು ಮಾಡಿದ ಜಾಗವಾದರೆ ಇನ್ನೂ ಜಾಗ್ರತೆ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರಕಾರದ ಅನುಮತಿ ಇಲ್ಲದೆ ಮಾರಿದರೆ 1978ರ ಕಾಯ್ದೆಯಂತೆ ಆ ಮಾರಾಟವೇ ಅಸಿಂಧು. ಅದು ಬಡವರ ರಕ್ಷಣೆಗೆ ಇರುವ ಕಾನೂನು, ಅದರಲ್ಲಿ ಸಂದು ಹುಡುಕುವುದು ಸರಿಯೂ ಅಲ್ಲ.

ಲೇಔಟ್ ಆದರೆ ರೇರಾ ನಂಬರ್ ಕೇಳಿ. 500 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ 12 ಸೆಂಟ್ಸ್ ಚಿಲ್ಲರೆ ಮೀರಿದ ಲೇಔಟಿಗೂ, ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇರುವ ಕಟ್ಟಡಕ್ಕೂ ಅದು ಬೇಕು. ಕರಾರು ಪತ್ರ ನೋಂದಣಿ ಮಾಡದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಹಣ ಕೇಳಲು ಬಿಲ್ಡರಿಗೆ ಹಕ್ಕಿಲ್ಲ. ಗಲ್ಫಿನಲ್ಲಿರುವವರಿಗೆ ಇನ್ನೊಂದು ನೆನಪು: ರಾಜ್ಯದಲ್ಲಿ 2020ರ ತಿದ್ದುಪಡಿಯ ಮೇಲೆ ಕೃಷಿಕರಲ್ಲದವರೂ ಕೃಷಿ ಭೂಮಿ ತೆಗೆಯಬಹುದು, ಆದರೆ ಅದು ಅನಿವಾಸಿಗಳಿಗೆ ಕೊಟ್ಟ ಅನುಮತಿ ಅಲ್ಲ. ಎನ್‌ಆರ್‌ಐ ಆಗಿರುವವರು ಅಡಿಕೆ ತೋಟ, ಗದ್ದೆ, ಫಾರ್ಮ್ ಹೌಸ್ ಕೊಂಡುಕೊಳ್ಳುವ ಹಾಗಿಲ್ಲ. ಮಾರುವವರೇ ಎನ್‌ಆರ್‌ಐ ಆಗಿದ್ದರೆ ಕೊಳ್ಳುವವರು ಹಿಡಿದಿಟ್ಟು ಕಟ್ಟಬೇಕಾದ ತೆರಿಗೆಯೂ ಬೇರೆ, ಬಹಳ ಹೆಚ್ಚು. ಆಡಿಟರ್ ಹತ್ತಿರ ಕೇಳದೆ ಸಹಿ ಹಾಕಬೇಡಿ.

"ಅರ್ಧ ವೈಟ್, ಅರ್ಧ ಕ್ಯಾಶ್" ಎಂದು ಬ್ರೋಕರ್ ಹೇಳಿಯೇ ಹೇಳುತ್ತಾರೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಮತ್ತು ಅದರ ಮೇಲೆ ನಗದು ತೆಗೆದುಕೊಂಡರೆ ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಳ್ಳುವವನಿಗೆ ಇನ್ನೊಂದು ನಷ್ಟ. ಜಗಳವಾದರೆ ಕಾಗದದಲ್ಲಿ ಇಲ್ಲದ ಹಣಕ್ಕೆ ಕೇಳುವವರಿಲ್ಲ.

ಕಾಗದ ಸರಿ ಇದ್ದರೂ ಜಾಗವನ್ನು ಎರಡು ಸಲ ನೋಡಬೇಕು ಎಂಬುದು ನಮ್ಮ ಅಭ್ಯಾಸ. ಆಟಿ ತಿಂಗಳ ಮಳೆಯಲ್ಲಿ ಒಮ್ಮೆ, ಗುಡ್ಡೆಯ ನೀರು ಎಲ್ಲಿ ಇಳಿಯುತ್ತದೆ, ಮೇಲಿನ ಧರೆ ಜರಿಯುತ್ತದಾ ಎಂದು. ಮೇ ತಿಂಗಳಲ್ಲಿ ಇನ್ನೊಮ್ಮೆ, ಬಾವಿಯಲ್ಲಿ ನೀರು ಉಂಟಾ, ಸಮುದ್ರದ ಬದಿಯಾದರೆ ಉಪ್ಪು ಬಂದಿದೆಯಾ ಎಂದು. ಡಿಸೆಂಬರಿನಲ್ಲಿ ಎಲ್ಲ ಜಾಗವೂ ಚಂದವೇ ಕಾಣುವುದು. ಬ್ರೋಕರ್ ಕರೆದುಕೊಂಡು ಹೋಗುವುದೂ ಆಗಲೇ.

ತೆಗೆದ ಮೇಲೆ ನೋಡಿಕೊಳ್ಳುವುದು ಉಂಟು. ಬಾಡಿಗೆ ಹಣ ಬೀಳಲು ಒಂದು ಬೇರೆ ಬ್ಯಾಂಕ್ ಖಾತೆ ಇಡಿ, ರಿಪೇರಿ, ತೆರಿಗೆ ಎಲ್ಲ ಅದರಿಂದಲೇ ಹೋಗಲಿ. ವರ್ಷದ ಕೊನೆಗೆ ಲಾಭ ನಷ್ಟ ತಾನಾಗಿ ಕಾಣುತ್ತದೆ. ಊರಿನಲ್ಲಿರುವ ಭಾವ ಬಾಡಿಗೆ ವಸೂಲು ಮಾಡಿ ಮನೆ ನೋಡಿಕೊಳ್ಳುವುದಾದರೆ ಅವರಿಗೆ ತಿಂಗಳಿಗೆ ಇಂತಿಷ್ಟು ಎಂದು ಮೊದಲೇ ನಿಗದಿ ಮಾಡಿ. ಪುಕ್ಕಟೆ ಕೆಲಸ ಎರಡು ವರ್ಷದ ಮೇಲೆ ನಡೆಯುವುದಿಲ್ಲ. ಅವರ ತಪ್ಪೂ ಅಲ್ಲ. ಕರಾರು ಪತ್ರ 11 ತಿಂಗಳಿಗೆ ಮಾಡಿ ನೆನಪಿನಲ್ಲಿ ನವೀಕರಿಸಿ. ಡಿಪಾಸಿಟ್ ಹಣ ಖರ್ಚು ಮಾಡಬೇಡಿ, ಅದು ತಿರುಗಿ ಕೊಡಬೇಕಾದದ್ದು. ದೇರಳಕಟ್ಟೆಯ ಕಡೆ ಕಾಲೇಜು ಮಕ್ಕಳಿಗೆ ರೂಮು ಕೊಟ್ಟವರಲ್ಲಿ ಮಗು ಖಾಲಿ ಮಾಡುವ ದಿನ 'ಪೈಂಟಿಗೆ ಹೋಯಿತು' ಎಂದು ಪೂರ್ತಿ ಡಿಪಾಸಿಟ್ ನುಂಗುವವರಿದ್ದಾರೆ, ಅದರಲ್ಲಿ ನಮ್ಮವರೂ ಇದ್ದಾರೆ. ಎಲ್ಲೋ ದೂರದ ಊರಿನ ಆ ಮಗುವಿನ ಉಪ್ಪನೂ ಬೆವರು ಸುರಿಸಿಯೇ ಕಳಿಸಿದ್ದು. ದೊಡ್ಡ ಮೊತ್ತ ತೆಗೆದುಕೊಂಡು ಬಾಡಿಗೆ ಇಲ್ಲದೆ ಮನೆ ಕೊಡುವ 'ಲೀಸ್' ಪದ್ಧತಿಯೂ ಉಂಟು. ಕೊಟ್ಟ ಹಣ ಪೂರ್ತಿ ವಾಪಸ್, ನಡುವೆ ಮನೆ ಪುಕ್ಕಟೆ ಎಂದರೆ ಸಾಲದ ಮೇಲೆ ಲಾಭ ತಿಂದ ಹಾಗೆ. ಈ ಬಗ್ಗೆ ಮಹಲ್ಲಿನ ಖತೀಬರ ಹತ್ತಿರ ಕೇಳಿಯೇ ಮುಂದುವರಿಯಿರಿ.

ಹಣ ಹಾಕುವವರು ಲೆಕ್ಕಕ್ಕೆ ಹಿಡಿಯದ ಇನ್ನೊಂದು ಖರ್ಚು ಝಕಾತ್. ಮಾರಿ ಲಾಭ ಮಾಡಬೇಕೆಂದೇ ಕೊಂಡ ಸೈಟು ವ್ಯಾಪಾರದ ಸರಕು. ಚಂದ್ರಮಾನ ವರ್ಷ ತುಂಬಿದಾಗ ಅಂದಿನ ಮಾರುಕಟ್ಟೆ ಬೆಲೆಯ ಎರಡೂವರೆ ಶೇಕಡಾ ಕೊಡಬೇಕು. 20 ಲಕ್ಷದ ಸೈಟಾದರೆ 50 ಸಾವಿರ, ಮಾರಿದ್ದರೂ ಮಾರದಿದ್ದರೂ. ಬಾಡಿಗೆಗೆ ಕೊಟ್ಟ ಕಟ್ಟಡದ ಬೆಲೆಗೆ ಝಕಾತ್ ಇಲ್ಲ, ಬಾಡಿಗೆ ಹಣ ಉಳಿದು ನಿಸಾಬ್ ಮುಟ್ಟಿ ವರ್ಷ ತುಂಬಿದರೆ ಅದಕ್ಕೆ ಉಂಟು. ಹಾಗಾಗಿ ಹತ್ತು ವರ್ಷ ಖಾಲಿ ಬಿಡುವ ಸೈಟು ಸುಮ್ಮನೆ ಮಲಗಿರುವ ಹಣ ಎಂದುಕೊಳ್ಳಬೇಡಿ, ವರ್ಷ ವರ್ಷವೂ ಅದಕ್ಕೆ ಕೈಯಿಂದ ಹಣ ಬೇಕು.

ಮೊದಲು ಹೇಳಿದವರ ವಿಷಯಕ್ಕೆ ಬರುತ್ತೇವೆ. ಮನೆಯವರನ್ನೆಲ್ಲ ಕೂರಿಸಿ ಎರಡು ಸಲ ಮಾತಾಡಿದೆವು. ಹಿರಿಯ ತಂಗಿ ತನ್ನ ಮೂರೂವರೆ ಸೆಂಟ್ಸ್ ಅಣ್ಣನಿಗೇ ಬಿಟ್ಟು ಕೊಡಲು ಒಪ್ಪಿದ್ದಾರೆ. ನೋಂದಾಯಿತ ಹಕ್ಕು ಬಿಡುಗಡೆ ಪತ್ರವೇ ಮಾಡಿಸಿ ಎಂದು ಹೇಳಿದ್ದೇವೆ. ಉಮ್ಮ ಕೂಡ ತನ್ನ 4 ಸೆಂಟ್ಸ್ ಕೊಡುತ್ತೇನೆ ಎಂದರು, ನಾವೇ ತಡೆದೆವು. ಅವರಿಗೆ ಬೇರೆ ಆದಾಯ ಇಲ್ಲ, ಉಳಿದ ಮಕ್ಕಳ ಮನಸ್ಸೂ ಗೊತ್ತಾಗಬೇಕು. ಇಬ್ಬರು ತಮ್ಮಂದಿರಲ್ಲಿ ಒಬ್ಬ "ಅಣ್ಣ ಹೇಳಿದ ಹಾಗೆ" ಎಂದಿದ್ದಾನೆ, ಇನ್ನೊಬ್ಬ ಇನ್ನೂ ಬಾಯಿ ಬಿಟ್ಟಿಲ್ಲ. ಇವರು ಊರಿನಲ್ಲೇ ನಿಲ್ಲಬೇಕೆಂದು ಬಂದವರು. ಕಳೆದ ತಿಂಗಳು ಪುನಃ ಜುಬೈಲ್‌ಗೆ ಹೋದರು, ಎರಡು ವರ್ಷದ ವೀಸಾದಲ್ಲಿ. ಫೈಲ್ ನಮ್ಮ ಕಪಾಟಿನಲ್ಲಿದೆ.